ಸೆರಿಫೋಸಿನ ಬೆಳ್ಳಿ ಕಣ್ಣು

ಇವತ್ತು ಬಾಯಿ ಬಿಡಬಾರದು ಎಂದು ಪಂದೆಲಿಸ್ ಬೆಳಗ್ಗೆ ಎದ್ದಾಗಲೇ ತೀರ್ಮಾನ ಮಾಡಿದ್ದ. ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಐವತ್ತೆಂಟರ ಈ ಮನುಷ್ಯ ಮೂವತ್ತು ವರ್ಷ ಪ್ರಯಾಣಿಕರ ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದವನು. ಅಲ್ಲಿ ಕೂಗದೆ ಆಡಿದ ಮಾತು ಆಡಿದವನಿಗೇ ಕೇಳಿಸುತ್ತಿರಲಿಲ್ಲ. ಹೀಗಾಗಿ ಮನೆಯಲ್ಲಿ ಉಪ್ಪು ಕೊಡು ಅನ್ನುವುದನ್ನೂ ಅವನು ಮೈಗೆ ಬೆಂಕಿ ಬಿದ್ದವನ ಹಾಗೆ ಕೂಗುತ್ತಿದ್ದ. ಆದರೆ ಇವತ್ತು ಹೋಗುತ್ತಿರುವುದು ಸೆರಿಫೋಸ್ ದ್ವೀಪಕ್ಕೆ. ಆ ಬಂದರಿನಲ್ಲಿ ಅವನ ಮುಖ ಯಾರಿಗೂ ಗೊತ್ತಿಲ್ಲ, ಗೊತ್ತಿರುವುದು ದನಿ ಮಾತ್ರ. ಅದೂ ಒಬ್ಬನಿಗೆ. ಆ ಒಬ್ಬ ಸತ್ತಿರಲಿ ಎಂದು ಬಯಸುವಷ್ಟು ಪಂದೆಲಿಸ್ ಕೆಟ್ಟವನಲ್ಲ. ಮಗಳ ಮನೆಗೋ ಮಗನ ಮನೆಗೋ ಹೋಗಿರಲಿ, ನಾಳೆ ವಾಪಸು ಬರಲಿ, ನೂರು ವರ್ಷ ಬಾಳಲಿ ಎಂದು ಬಯಸಿದ.

ಹಾಯಿ ಹೊಟ್ಟೆ ತುಂಬ ಗಾಳಿ ಕುಡಿದಿತ್ತು. ಚುಕ್ಕಾಣಿ ಹಿಡಿದು ಕೂತವಳು ಹೆಂಡತಿ ಸೆವಸ್ತಿ. ಮರದ ಈ ಸಣ್ಣ ಹಾಯಿದೋಣಿ ಅವಳ ಅಪ್ಪನದು. ಅವಳ ಅಮ್ಮನ ಹೆಸರನ್ನೇ ಹೊತ್ತಿದೆ, ಅನೆಸೂ ಅಂತ. ಅಪ್ಪ ಹಾಯಿ ಕಟ್ಟಿ ಸರಕು ಸಾಗಿಸಿದವನು, ಮಗಳು ಸರಿಯಾಗಿ ನಡೆಯುವುದಕ್ಕೆ ಮೊದಲೇ ಚುಕ್ಕಾಣಿ ಹಿಡಿದು ನಿಂತವಳು. ಆದ್ದರಿಂದ ಇಲ್ಲಿ ಅವಳೇ ಕ್ಯಾಪ್ಟನ್. ನಿವೃತ್ತಿಯಾದ ಮೇಲೂ ಮೇಲಿನಿಂದ ಒಬ್ಬರು ನಿಲ್ಲಿಸು, ಹಿಂದಕ್ಕೆ ಬಿಡು ಎಂದು ಹೇಳುವುದು, ತಾನು ಮಾಡುವುದು, ಇದೇ ತನ್ನ ಹಣೆಬರಹ ಎಂದು ಪಂದೆಲಿಸ್ ಗೊಣಗುತ್ತಿದ್ದ. ಆದರೆ ನಿಜ ಹೇಳಬೇಕೆಂದರೆ ಅವನು ಇಷ್ಟು ಸುಖವಾಗಿ ಎಂದೂ ಇರಲಿಲ್ಲ. ಪೆರಾಮಾದ ಮನೆಗೆ ಬೀಗ ಹಾಕಿ ಒಂಬತ್ತು ದಿನ. ಮೊದಲ ದಿನ ಬಂದರು ದಾಟಿದ ಮೇಲೆ ಸೆವಸ್ತಿ ಇಂಜಿನ್ ಆರಿಸಿದಾಗ ಅವನ ಎದೆ ಧಸಕ್ಕೆಂದಿತ್ತು. ಇಂಜಿನ್ ನಿಂತಿತು ಅಂದರೆ ಏನೋ ಮುರಿಯಿತು, ಈಗ ಮೇಲಿನಿಂದ ಯಾರೋ ಬೈಯುತ್ತಾರೆ. ಅವನು ಎದ್ದು ಕೆಳಗಿಳಿದು, ಬಿಸಿಯಾಗಿದ್ದ ಇಂಜಿನ್ನಿನ ಮೇಲೆ ಜ್ವರದ ಮಗುವನ್ನು ಮುಟ್ಟುವ ಹಾಗೆ ಕೈಯಿಟ್ಟು ನೋಡಿ ಬಂದ. “ಏನೂ ಕೆಟ್ಟಿಲ್ಲ ಕಣೋ,” ಅಂದಳು ಸೆವಸ್ತಿ, “ಗಾಳಿ ಇದೆ, ಅದಕ್ಕೇ ಆರಿಸ್ದೆ. ಕೂತ್ಕೋ.” ಕೂತ. ನೀರು ದೋಣಿಯ ಪಕ್ಕೆಗೆ ಉಜ್ಜಿಕೊಂಡು ಹೋಗುವ ಸದ್ದು ಕೇಳಿಸಿತು. ಇಷ್ಟು ವರ್ಷ ಸಮುದ್ರದ ಮೇಲಿದ್ದೂ ಅದನ್ನು ಅವನು ಕೇಳಿರಲಿಲ್ಲ. ಮೂರನೆಯ ದಿನ ಆ ಸದ್ದಿನಲ್ಲೇ, ಮಟಮಟ ಮಧ್ಯಾಹ್ನ, ಬಾಯಿ ತೆರೆದುಕೊಂಡು ನಿದ್ದೆ ಹೋದ.

ಈ ದ್ವೀಪಗಳೆಲ್ಲ ಅವನಿಗೆ ಗೊತ್ತಿದ್ದವು, ಕುರುಡನಿಗೆ ತನ್ನ ಬೀದಿ ಗೊತ್ತಿರುವ ಹಾಗೆ. ಆರು ವರ್ಷ ಇದೇ ಮಾರ್ಗದ ಹಡಗಿನಲ್ಲಿದ್ದ. ಕಿಥ್ನೋಸ್ ಅಂದರೆ ವೇಗ ತಗ್ಗಿಸು ಎಂಬ ಮೊದಲ ಗಂಟೆ. ಲಂಗರಿನ ಸರಪಳಿ ತಲೆಯ ಮೇಲೆ ಗಡಗಡ ಉರುಳಿ ಒಮ್ಮೆ ತಡೆದು ಮತ್ತೆ ಉರುಳಿದರೆ ಸೆರಿಫೋಸ್. ಅಲ್ಲಿ ತಳ ಮರಳು. ಊರು ಯಾವ ಬಣ್ಣ, ಮನೆ ಎಲ್ಲಿದೆ, ಜನ ಏನು ತಿನ್ನುತ್ತಾರೆ, ಒಂದೂ ಗೊತ್ತಿಲ್ಲ. ಮೊನ್ನೆ ಕಿಥ್ನೋಸಿನಲ್ಲಿ ಬಿಸಿನೀರಿನ ಬುಗ್ಗೆ ಕಡಲಿಗೆ ಬಂದು ಸೇರುವ ಜಾಗದಲ್ಲಿ ಗಂಡಹೆಂಡತಿ ಕಲ್ಲು ಸುತ್ತುಗಟ್ಟಿ ಕೂತಿದ್ದರು. ಬೆನ್ನಿಗೆ ಬಿಸಿ, ಕಾಲಿಗೆ ತಣ್ಣಗೆ. ಸೆವಸ್ತಿ ಕಲ್ಲಂಗಡಿ ಕತ್ತರಿಸಿದಳು. ಬೀಜ ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಆಯಿತು, ಅವಳೇ ಗೆದ್ದಳು. ನಗುನಗುತ್ತಲೇ ಅವಳು ಅಂದದ್ದು: “ನಾಳೆ ಬಿಟ್ಟು ನಾಡಿದ್ದು ಸೆರಿಫೋಸ್. ನೀನು ಕಟ್ಟಿದ ಕಣ್ಣು ನೋಡ್ಬೇಕು ನಾನು.” ಪಂದೆಲಿಸನ ಬಾಯಲ್ಲಿದ್ದ ಬೀಜ ಗಂಟಲಿಗೆ ಇಳಿಯಿತು.

ಇಪ್ಪತ್ತೇಳು ವರ್ಷದ ಹಿಂದಿನ ಸಂಗತಿ ಅದು, ಮಗಳು ಮಾತಿನಾಗೆ ಆಗ ನಾಲ್ಕು ವರ್ಷ. ಕಣ್ಣು ಕೀವುಗಟ್ಟಿ ಊದಿತ್ತು. ಎರಡಕ್ಕೂ ಪಟ್ಟಿ ಕಟ್ಟಿ, ಮೂರು ವಾರ ಕಾಯಿರಿ ಎಂದಿದ್ದರು ಡಾಕ್ಟರು. ಸೆವಸ್ತಿ ತನ್ನ ಅಮ್ಮ ಹುಟ್ಟಿದ, ತಾನು ಮಾತ್ರ ಎಂದೂ ನೋಡದ ಸೆರಿಫೋಸ್ ದ್ವೀಪದ ಪರಸ್ಕೆವಿ ತಾಯಿಗೆ ಹರಕೆ ಹೊತ್ತಳು. ಕಣ್ಣು ಕಾಯುವ ಸಂತಳು ಆಕೆ. ಬೆಳ್ಳಿಯ ತಗಡಿನಲ್ಲಿ ಒಂದು ಜೊತೆ ಕಣ್ಣು, ಬಂದರಿನಿಂದ ಬೆಟ್ಟದ ಗುಡಿಯವರೆಗೆ ಬರಿಗಾಲು. ತಗಡಿನ ಹಿಂದೆ ಸೂಜಿಯಿಂದ ಮಾತಿನಾಳ ಮೊದಲ ಅಕ್ಷರ ಗೀಚಿದಳು. ಮಗುವನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. “ನೀನು ಹೆಂಗೂ ದಿನಾ ಆ ದಾರೀಲೇ ಹೋಗ್ತೀಯಲ್ಲ” ಎಂದು ಅವನ ಕೈಗೆ ಕೊಟ್ಟಳು. ಅವನು ಆಣೆ ಮಾಡಿದ. ಸೆರಿಫೋಸಿನಲ್ಲಿ ಹಡಗು ನಿಲ್ಲುತ್ತಿದ್ದುದು ಏಳು ನಿಮಿಷ. ಆ ಏಳು ನಿಮಿಷ ಇಂಜಿನ್ ಕೋಣೆಯವನು ಮೂಗು ಕೆರೆದುಕೊಳ್ಳುವ ಹಾಗೂ ಇಲ್ಲ. ಮೂರು ಸಲ ಆ ಕಣ್ಣು ಅವನ ಜೇಬಿನಲ್ಲೇ ಸೆರಿಫೋಸಿಗೆ ಹೋಗಿ ಬಂತು. ನಾಲ್ಕನೆಯ ಸಲ ಅವನು ಹಡಗಿನ ಪಕ್ಕದ ಕಿರುಬಾಗಿಲಿಗೆ ಓಡಿ, ಹಡಗು ಕಟ್ಟುವ ಧಕ್ಕೆಯ ಕಟ್ಟೆಗೆ ಎಸೆಯುವ ಹಗ್ಗದ ತುದಿಗೆ ಅದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕಟ್ಟಿ, ಹಗ್ಗ ಹಿಡಿಯುವ ನಿಕಿತಾಸನ ಕಡೆಗೆ ಎಸೆದ. ಆ ಮನುಷ್ಯನ ಜೊತೆ ಅವನ ಪರಿಚಯವೆಂದರೆ ಇಷ್ಟೇ: ಧಕ್ಕೆಯ ಗೋಡೆ ಬಿಟ್ಟು ಬೇರೇನೂ ಕಾಣದ ಕಿರುಬಾಗಿಲಿನಿಂದ ಮಸಿ ಮೆತ್ತಿದ ತಲೆಯನ್ನು ಒಂದು ಗಳಿಗೆ ಹೊರಗೆ ಹಾಕಿ ಇವನು ಹವಾಮಾನ ಕೇಳುವುದು, ಅವನು ಇವನನ್ನು ಬಾಯ್ಲರ್ ಎಂದು ಕರೆದು ಬೈಯುವುದು. “ಅಣ್ಣಾ! ಪರಸ್ಕೆವಿ ತಾಯಿಗೆ ಕಟ್ಟಿಬಿಡು! ಮಗಳ ಕಣ್ಣು! ಬರಿಗಾಲಲ್ಲಿ ಹತ್ತಬೇಕು!” ಎಂದು ಕೂಗಿದ. ನಿಕಿತಾಸ್ ಏನೋ ಅಂದ. ಏನಂದ ಎಂಬುದು ಸರಪಳಿಯ ಸದ್ದಿನಲ್ಲಿ ಮುಳುಗಿತು. ಮರುವಾರವೇ ಪಂದೆಲಿಸನನ್ನು ಕ್ರೀಟ್ ಮಾರ್ಗದ ಹಡಗಿಗೆ ಹಾಕಿದರು. ಅಲ್ಲಿಗೆ ಮುಗಿಯಿತು.

ಮುಗಿಯಿತೇ? ಮಾತಿನಾಳ ಪಟ್ಟಿ ಬಿಚ್ಚಿದರು, ಮಗು ಕಿಟಕಿಯ ಕಡೆ ನೋಡಿ ಬೆಕ್ಕು ಅಂದಿತು. ಆ ಸಂಭ್ರಮದಲ್ಲಿ ಸೆವಸ್ತಿ ಹೇಗೆ ಹತ್ತಿದೆ ಹೇಳು, ಹೇಗೆ ಹತ್ತಿದೆ ಹೇಳು ಎಂದು ಜೀವ ತಿಂದಳು. ಆಗ ಅವನು ಹೇಳಿದ. ಇಂಜಿನ್ ಕೆಟ್ಟು ಹಡಗು ನಾಲ್ಕು ಗಂಟೆ ನಿಂತಿತ್ತು ಎಂದ. ಒಂದು ದಿನವೂ ಕೆಡದ ಇಂಜಿನ್ನಿನ ಮೇಲೆ ಹೊರಿಸಿದ ಆ ಅಪವಾದ ಅವನನ್ನು ಇವತ್ತಿಗೂ ಚುಚ್ಚುತ್ತದೆ. ಕಲ್ಲು ಕಾದ ಕಾವಲಿ ಹಾಗಿತ್ತು ಎಂದ. ಅರ್ಧ ದಾರಿಯಲ್ಲಿ ಅಂಜೂರದ ಮರ, ಅದರ ನೆರಳಲ್ಲಿ ಕೂತೆ ಎಂದ. ಸುಳ್ಳು ಹೇಳುವವನಿಗೆ ಮರ ಬೆಳೆಸುವುದು ಎಷ್ಟರ ಕೆಲಸ! ಸೆವಸ್ತಿ ಕಣ್ಣು ಒರೆಸಿಕೊಂಡು, ಆಲಿವ್ ಎಣ್ಣೆಯ ಬಾಟಲಿ ತಂದು, ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಮೂರು ರಾತ್ರಿ ಎಣ್ಣೆ ಹಚ್ಚಿದಳು. ಇಂಜಿನ್ ಕೋಣೆಯ ಬೂಟಿನೊಳಗೆ ಬಾಳೆಹಣ್ಣಿನ ಹಾಗೆ ಮೆತ್ತಗಿದ್ದ ಪಾದಗಳು. ಹಚ್ಚಬೇಡ ಎಂದು ಅವನು ಕೂಗಿದ್ದನ್ನು ಅವಳು ಉರಿ ತಾಳದೆ ಕೂಗಿದ ಎಂದುಕೊಂಡಳು. ಕೇರಿಗೆಲ್ಲ ಹೇಳಿದಳು. ಕಾಫಿ ಅಂಗಡಿಯಲ್ಲಿ ಮುದುಕರು ಎದ್ದು ಕುರ್ಚಿ ಕೊಟ್ಟರು. ಇಪ್ಪತ್ತೇಳು ವರ್ಷ ಆ ಕುರ್ಚಿಯ ಮೇಲೆ ಅವನು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಾನೆ.

“ಏನಾಯ್ತೋ ನಿಂಗೆ? ಬೆಳಗ್ಗಿಂದ ಒಂದು ಬೈಗುಳ ಇಲ್ಲ. ಹುಷಾರಿಲ್ವಾ?” ಸೆವಸ್ತಿ ಅವನ ಹಣೆ ಮುಟ್ಟಿ ನೋಡಿದಳು. ಎದುರಿಗೆ ಸೆರಿಫೋಸ್ ಬಂದಿತ್ತು. ಒಣಗಿದ ಕಂದು ಬೆಟ್ಟ, ಅದರ ನೆತ್ತಿಯಿಂದ ಯಾರೋ ಸುಣ್ಣದ ಡಬ್ಬಿ ಚೆಲ್ಲಿದ ಹಾಗೆ ಇಳಿದ ಬಿಳಿ ಮನೆಗಳು. ಇಷ್ಟು ಚೆಂದದ ಊರಿನ ಕೆಳಗೆ ಆರು ವರ್ಷ ಎಣ್ಣೆ ಒರೆಸುತ್ತ ಕೂತಿದ್ದೆನಲ್ಲ ಎಂದು ಅವನಿಗೆ ಸಿಟ್ಟೂ ಬಂತು, ಸಂತೋಷವೂ ಆಯಿತು. ಅಷ್ಟರಲ್ಲಿ ಧಕ್ಕೆಯ ಮೇಲೆ ಆ ಆಳು ಕಂಡ. ಹುಲ್ಲಿನ ಟೋಪಿ, ಬಿಲ್ಲಿನ ಹಾಗೆ ಬಾಗಿದ ಕಾಲು. ಕೆಲಸ ಬಿಟ್ಟು ಎಷ್ಟು ವರ್ಷವಾಗಿತ್ತೋ, ಆದರೂ ದೋಣಿ ಬರುವುದನ್ನು ಕಂಡದ್ದೇ ಕಾಫಿಯ ಲೋಟ ಕೆಳಗಿಟ್ಟು ಎದ್ದು ಬಂದು ನಿಂತಿದ್ದ. ಹಗ್ಗ ಹಿಡಿಯುವ ನಿಕಿತಾಸ್.

ಇಲ್ಲಿ ದೋಣಿ ಕಟ್ಟುವುದು ಹೇಗೆಂದರೆ, ದೂರದಲ್ಲೇ ಮೂತಿಯಿಂದ ಲಂಗರು ಬಿಟ್ಟು, ಸರಪಳಿ ಬಿಡುತ್ತ ಬಿಡುತ್ತ ಹಿಂದಕ್ಕೆ ಬಂದು, ಬೆನ್ನು ಧಕ್ಕೆಗೆ ಕೊಟ್ಟು ನಿಲ್ಲಬೇಕು. ಮೂತಿಯಲ್ಲಿ ಪಂದೆಲಿಸ್, ಚುಕ್ಕಾಣಿಯಲ್ಲಿ ಸೆವಸ್ತಿ. ನಡುವೆ ಮಾತಿಲ್ಲದೆ ಈ ಕೆಲಸ ಆಗುವುದಿಲ್ಲ. “ಎಷ್ಟು ಬಿಟ್ಟೆ?” ಎಂದು ಅವಳು ಕೂಗಿದಳು. ಅವನು ಸುಮ್ಮನಿದ್ದ. “ಏಯ್, ಎಷ್ಟು ಮಾರು ಬಿಟ್ಟೆ ಅಂದೆ!” ಗಂಟಲವರೆಗೆ ಬಂದ ಮಾತನ್ನು ನುಂಗಿ ಪಂದೆಲಿಸ್ ಕೈಯೆತ್ತಿ ಐದು ಬೆರಳು ತೋರಿಸಿದ. ತೋರಿಸಿದ ಮೇಲೆ ಎದೆ ಒಡೆಯಿತು. ಈ ನಾಡಿನಲ್ಲಿ ಬುದ್ಧಿ ಇದ್ದವನು ಯಾವನೂ ಐದು ಅನ್ನುವುದಕ್ಕೆ ಅಂಗೈ ಎದುರಿನವನ ಕಡೆ ಮಾಡುವುದಿಲ್ಲ. ಅದು ಮುಖಕ್ಕೆ ಮಸಿ ಬಳಿದ ಹಾಗೆ. ಎರಡು ವರ್ಷದ ಮಗುವಿಗೂ ಕೈ ತಿರುಗಿಸಿ ತೋರಿಸು ಎಂದು ಕಲಿಸುತ್ತಾರೆ. ಸೆವಸ್ತಿಯ ಬೆನ್ನ ಹಿಂದೆ, ಆ ಅಂಗೈಯ ನೇರಕ್ಕೆ, ನಿಕಿತಾಸ್ ನಿಂತಿದ್ದ.

“ನಂಗಾ?” ಮುದುಕ ಟೋಪಿ ಹಿಂದಕ್ಕೆ ತಳ್ಳಿದ. “ಹಗ್ಗ ಹಿಡಿಯೋಕೆ ಎದ್ದು ಬಂದ್ರೆ ನಂಗೇ ಐದಾ? ತಗೋ ಹತ್ತು!” ಎಂದು ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಚಾಚಿದ. ಕಾಫಿ ಅಂಗಡಿಯವರೆಲ್ಲ ತಿರುಗಿದರು. ಪಂದೆಲಿಸನಿಗೆ ರಕ್ತ ತಲೆಗೇರಿತು. ಹತ್ತು ತಿಂದು ಸುಮ್ಮನಿರುವುದು ಅವನ ಜನ್ಮದಲ್ಲೇ ಇದು ಮೊದಲು.

“ತಪ್ಪು ತಿಳ್ಕೋಬೇಡ ದೊಡ್ಡಪ್ಪಾ! ಐದು ಮಾರು ಅಂತ ತೋರಿಸಿದ್ದು!” ಸೆವಸ್ತಿ ನಗು ತಡೆಯಲಾರದೆ ಹಗ್ಗ ಎಸೆದಳು.

“ಮೂಗನಾ?”

“ಇವತ್ತು ಬೆಳಗ್ಗಿಂದ ಆಗಿದಾನೆ.”

“ಹಂಗಾದ್ರೆ ಪುಣ್ಯವಂತೆ ಕಣಮ್ಮ ನೀನು. ನಮ್ಮನೆಯವಳು ನಲವತ್ತು ವರ್ಷ ಇದನ್ನೇ ಬೇಡ್ಕೊಂಡ್ಳು.” ಮುದುಕ ಹಗ್ಗದ ಕಡೆ ನೋಡಲೂ ಇಲ್ಲ. ಕೈ ಒಂದು ಸುತ್ತು ಸುತ್ತಿತು, ಗಂಟು ಬಿದ್ದಿತ್ತು. ಸೆವಸ್ತಿ ಆ ಗಂಟನ್ನು ನೋಡಿ, “ನೋಡು, ನೋಡು, ಗಂಟು ಅಂದ್ರೆ ಇದು,” ಅಂದಳು ಗಂಡನಿಗೆ. ಪಂದೆಲಿಸ್ ಹಾಕಿದ ಗಂಟು ನಿಲ್ಲುವುದಿಲ್ಲವೆಂಬುದು ಈ ಪ್ರವಾಸದ ಹಳೆಯ ನಗೆ. ಕೇಯಾ ದ್ವೀಪದಲ್ಲಿ ಅವನು ಕಟ್ಟಿದ ಕಿರುದೋಣಿ ಬಿಚ್ಚಿಕೊಂಡು ಒಂದು ಮದುವೆಯ ಫೋಟೋ ತೆಗೆಯುತ್ತಿದ್ದವರ ನಡುವೆ ಹೋಗಿ ನಿಂತಿತ್ತು.

ಮೆಟ್ಟಿಲ ಬುಡದಲ್ಲಿ ಸೆವಸ್ತಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಮಾತಿನಾ ಈಗ ಏಳು ತಿಂಗಳ ಬಸುರಿ. ಹುಟ್ಟುವ ಮಗುವಿನ ಹೆಸರಿನಲ್ಲಿ ಇನ್ನೊಂದು ಬೆಳ್ಳಿ ತಗಡು ಅವಳ ಚೀಲದಲ್ಲಿತ್ತು. “ನೀನು ಹಾಕ್ಕೊಂಡೇ ಬಾ. ನಿನ್ನ ಪಾಲಿಂದು ಆಗಿದೆ,” ಅಂದಳು. ಈ ಮಾತನ್ನು ಕೇಳಿ ಯಾವ ಗಂಡಸು ಚಪ್ಪಲಿ ಹಾಕಿಕೊಂಡು ಹತ್ತಲು ಸಾಧ್ಯ? ಅವನೂ ಕಳಚಿದ. ಮೊದಲ ಮೆಟ್ಟಿಲಿಗೇ ಗೊತ್ತಾಯಿತು, ತಾನು ಹೇಳಿದ ಸುಳ್ಳುಗಳಲ್ಲಿ ಕಾದ ಕಾವಲಿ ಒಂದು ಮಾತ್ರ ನಿಜ. ಅವನು ಹಾರಿ ಹಾರಿ ನೆರಳು ಹುಡುಕಿದ. ಮೇಲೆ ಹೋದ ಹಾಗೆ ಬಂದರು ಕೆಳಗೆ ತಟ್ಟೆಯಂತೆ ಹರಡಿತು. ಅನೆಸೂ ಬೆಂಕಿಕಡ್ಡಿಯಷ್ಟಾಯಿತು. ಥೈಮ್ ಗಿಡ ಬಿಸಿಲಿಗೆ ಘಮ್ಮೆಂದಿತು, ಯಾರದೋ ಅಡುಗೆಮನೆಯಿಂದ ಕಡಲೆ ಬೇಯುವ ವಾಸನೆ ಬಂತು, ಒಂದು ಮೇಕೆ ಗೋಡೆಯ ಮೇಲಿಂದ ಇವರ ಪಾದಗಳನ್ನೇ ನೋಡಿತು. ಎದೆಯೊಳಗೆ ಕಳ್ಳನ ಭಯ, ಆದರೂ ಕಣ್ಣಿಗೆ ಹಬ್ಬ. ಹೀಗೂ ಇರಬಹುದೇ ಎಂದು ಅವನಿಗೆ ಆಶ್ಚರ್ಯ.

“ಅರ್ಧ ದಾರಿ ಆಯ್ತಲ್ಲೋ. ಅಂಜೂರದ ಮರ ಎಲ್ಲಿ?”

“ಕಡಿದಿರಬೇಕು,” ಪಿಸುಗುಟ್ಟಿದ.

“ಬುಡನೂ ಇಲ್ಲ?”

“ಬೇರು ಸಮೇತ ಕಡಿದಿರ್ತಾರೆ. ಈ ಜನ ಹಂಗೇ.”

ಅವಳು ಏನೂ ಅನ್ನದೆ ಹತ್ತಿದಳು. ಅವನಿಗೆ ಉಳಿದಿದ್ದ ಆಸೆ ಒಂದೇ: ಪಾದ್ರಿಗಳು ಹಳೆಯ ಹರಕೆ ಬೆಳ್ಳಿಯನ್ನೆಲ್ಲ ಆಗಾಗ ತೆಗೆದು ಕರಗಿಸುತ್ತಾರೆ. ಇಲ್ಲಿಯೂ ಕರಗಿಸಿರಲಿ. ಎಲ್ಲರದೂ ಹೋಗಿರಲಿ, ಇಡೀ ದ್ವೀಪದ್ದು. ಆಗ ನಿಕಿತಾಸ್ ಅದನ್ನು ಕಟ್ಟಿದ್ದನೋ ಮಾರಿ ಕುಡಿದಿದ್ದನೋ ಯಾರಿಗೂ ತಿಳಿಯುವುದಿಲ್ಲ. ಒಬ್ಬ ಸಂತಳ ಗುಡಿ ಖಾಲಿಯಾಗಿರಲಿ ಎಂದು ಬೇಡಿಕೊಳ್ಳುತ್ತ ಅದೇ ಸಂತಳ ಮೆಟ್ಟಿಲು ಹತ್ತುತ್ತಿದ್ದೇನಲ್ಲ, ಥೂ, ಎಂದುಕೊಂಡ.

ಗುಡಿ ಎಂದರೆ ನಾಲ್ಕು ಜನ ನಿಂತರೆ ತುಂಬುವ ಕೋಣೆ. ಬಿಸಿಲಿನಿಂದ ಒಳಗೆ ಹೋದವರಿಗೆ ಮೊದಲು ಕತ್ತಲೆ, ಮೇಣದ ವಾಸನೆ. ಆಮೇಲೆ ಕತ್ತಲೆಯಿಂದ ಒಂದೊಂದೇ ಕಣ್ಣು ತೆರೆದವು. ಸಂತಳ ಚಿತ್ರದ ಕೆಳಗೆ ತಂತಿಗಳಲ್ಲಿ ನೂರಾರು ಬೆಳ್ಳಿ ಕಣ್ಣು, ಹೊಸದು, ಹಳೆಯದು, ಕಪ್ಪಿಟ್ಟದ್ದು. ಎಲ್ಲವೂ ಪಂದೆಲಿಸನನ್ನೇ ನೋಡಿದವು. ಯಾರೂ ಏನೂ ಕರಗಿಸಿರಲಿಲ್ಲ. ಸೆವಸ್ತಿ ಒಂದು ತುದಿಯಿಂದ, ಅವನು ಇನ್ನೊಂದು ತುದಿಯಿಂದ ತಗಡು ತಿರುಗಿಸಿ ನೋಡತೊಡಗಿದರು. ಅವನು ಹುಡುಕಿದ್ದು ಸಿಗುತ್ತದೆಂದಲ್ಲ, ಹೆಂಡತಿಗೆ ಮುಖ ಕಾಣದಿರಲಿ ಎಂದು. ಕೆಳಗಿನ ಸಾಲಿನ ಮೂಲೆಯ ಒಂದು ತಗಡು ತಿರುಗಿಸಿದ. ಸೂಜಿಯ ಗೀರು. ಮಾತಿನಾಳ ಅಕ್ಷರ, ಸ್ವಲ್ಪ ಸೊಟ್ಟ.

ಇತ್ತು! ಕಟ್ಟಿದ್ದ ಆ ಪುಣ್ಯಾತ್ಮ! ಪಂದೆಲಿಸನ ಮೈಯೆಲ್ಲ ಹಗುರಾಯಿತು. ಇನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಸುಳ್ಳು ದಡ ಸೇರಿತು. ಕೇರಿ, ಕುರ್ಚಿ, ಹೆಂಡತಿ ಎಲ್ಲ ಅವನದೇ. ಈ ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ಆದರೆ ಇಪ್ಪತ್ತೇಳು ವರ್ಷ ಭಯದಿಂದ ಮುಚ್ಚಿದ್ದ ಬಾಯಿ ಸಂತೋಷಕ್ಕೆ ತೆರೆದುಕೊಂಡಿತು. “ಸೆವಸ್ತೀ! ಕಟ್ಟಿದಾನೆ ಕಣೇ! ಅವನು ಕಟ್ಟಿದಾನೆ! ನಾನು ಹತ್ತಲೇ ಇಲ್ಲ, ಎಸೆದೆ, ಹಡಗಿಂದ ಎಸೆದೆ, ಆ ಮುದುಕ ತಂದು ಕಟ್ಟಿದಾನೆ ನೋಡೇ!” ಪುಟ್ಟ ಗುಡಿ ಗುಂಯ್ಗುಟ್ಟಿತು, ಬೆಳ್ಳಿ ಕಣ್ಣುಗಳು ಕಿಣಿಕಿಣಿ ಅಲುಗಾಡಿದವು. ಬಾಯಿಂದ ಹೋದದ್ದು ಏನೆಂದು ಆಮೇಲೆ ಅವನಿಗೆ ತಿಳಿಯಿತು.

ಸೆವಸ್ತಿ ಬಂದಳು. ತಗಡು ನೋಡಿದಳು, ಮುತ್ತಿಟ್ಟಳು. ಆಮೇಲೆ ಅದನ್ನು ಕಟ್ಟಿದ ದಾರದ ಮೇಲೆ ಬೆರಳಾಡಿಸಿದಳು. ಟಾರು ಹಚ್ಚಿದ ಹುರಿ, ಕಾಳಿನಷ್ಟು ಚೊಕ್ಕ ಗಂಟು. “ನೀನು ಕಟ್ಟಿದ್ರೆ ಆ ಭಾನುವಾರವೇ ಬಿದ್ದಿರೋದು,” ಅಂದಳು ಮೆಲ್ಲಗೆ. ಹೊರಗೆ ಹೋಗಿ ಹೊಸ್ತಿಲ ಮೇಲೆ ಅವನಿಗೆ ಬೆನ್ನು ಮಾಡಿ ಕೂತಳು. ಅವಳ ಹೆಗಲು ಕುಲುಕುತ್ತಿತ್ತು. ಪಂದೆಲಿಸ್ ಸತ್ತೇ ಹೋದೆ ಅಂದುಕೊಂಡ. ಬಗ್ಗಿ ಮುಖ ನೋಡಿದರೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. “ಅಂಜೂರದ ಮರವಂತೆ! ಬೇರು ಸಮೇತವಂತೆ!” ನಗು ತಟ್ಟನೆ ನಿಂತಿತು. “ಮೂರು ರಾತ್ರಿ ಎಣ್ಣೆ ಹಚ್ಚಿದ್ನಲ್ಲೋ. ಪಾದ ಏನಾಗಿತ್ತು?”

“ಏನೂ ಆಗಿರ್ಲಿಲ್ಲ.”

“ಮಗು ಪಕ್ಕದಲ್ಲಿ ನಿದ್ದೆಗೆಟ್ಟು ಕೂತಿದ್ದೆ ನಾನು. ಆದ್ರೂ ಹಚ್ಚಿದೆ.”

ಅವಳು ಚೀಲದಿಂದ ಹೊಸ ತಗಡು ತೆಗೆದು ಅವನ ಕೈಗೆ ತುರುಕಿದಳು. “ನಕ್ಕಿದ್ದಕ್ಕೆ ಬಿಟ್ಟೆ ಅಂದ್ಕೋಬೇಡ. ಹೋಗು, ಕಟ್ಟು. ನೀನೇ ಕಟ್ಟಬೇಕು.” ಮೊದಲ ಗಂಟು ಜಾರಿತು. ಎರಡನೆಯದನ್ನು ಅವಳು ಎಳೆದು ನೋಡಿ ಬಿಚ್ಚಿದಳು. ಐದನೆಯದು ನಿಂತಿತು. ಗಂಟು ಅನ್ನುವುದಕ್ಕಿಂತ ಗಡ್ಡೆಯ ಹಾಗಿತ್ತು, ಆದರೆ ನಿಂತಿತು.

ಇಳಿಯುವಾಗ ಅವಳು ಚಪ್ಪಲಿ ಹಾಕಿಕೊಂಡಳು, ಅವನಿಗೆ ಹಾಕಿಕೋ ಅನ್ನಲಿಲ್ಲ. ಕೊನೆಯ ತಿರುವಿನಲ್ಲಿ ಪಂದೆಲಿಸ್ ಬಂದರಿನ ಕಡೆ ನೋಡಿದ. ಬಾಡಿಗೆಯ ದೊಡ್ಡ ಹಾಯಿದೋಣಿಯೊಂದು ಅನೆಸೂಳ ಸರಪಳಿಯ ಮೇಲೆಯೇ ತನ್ನ ಲಂಗರು ಬಿಡಲು ಹೊರಟಿತ್ತು. ಅವನಿಗೆ ಎಲ್ಲ ಮರೆತುಹೋಯಿತು. “ಏಯ್ ಕತ್ತೇ! ನಿನ್ನ ಕಣ್ಣಲ್ಲಿ ಹುಣಸೇಬೀಜ ಇಟ್ಟಿದಾರಾ! ಅಲ್ಲಿ ನನ್ನ ಲಂಗರಿದೆ! ಮುಂದೆ ಹೋಗು, ಮುಂದೆ!” ಬೆಟ್ಟಕ್ಕೆ ಬಡಿದ ದನಿ ಎರಡು ಸಲ ವಾಪಸು ಬಂತು. ದೊಡ್ಡ ದೋಣಿಯವರು ಬೆಚ್ಚಿ ಮುಂದೆ ಹೋದರು. ಕಾಫಿ ಅಂಗಡಿಯಲ್ಲಿ ಒಂದು ಕುರ್ಚಿ ಹಿಂದಕ್ಕೆ ಬಿತ್ತು. ನಿಕಿತಾಸ್ ಎದ್ದು ನಿಂತಿದ್ದ.

“ಬಾಯ್ಲರ್!”

ಪಂದೆಲಿಸ್ ನಿಂತಲ್ಲೇ ನಿಂತ. ಮುದುಕ ಬಿಲ್ಲುಗಾಲಿನಲ್ಲೇ ಓಡಿ ಬಂದು ಅವನ ಎರಡೂ ತೋಳು ಹಿಡಿದುಕೊಂಡ. ಹತ್ತರ ಮಾತಿಲ್ಲ, ಬೈಗುಳ ಇಲ್ಲ. ಮುಖದ ಹತ್ತಿರ ಮುಖ ತಂದು ಕೇಳಿದ: “ಮಗೂಗೆ ಕಣ್ಣು ಬಂತಾ?”

“ಬಂತು ದೊಡ್ಡಪ್ಪಾ,” ಸೆವಸ್ತಿ ಹೇಳಿದಳು. “ಅಕ್ಟೋಬರಿನಲ್ಲಿ ಅವಳಿಗೇ ಮಗು ಹುಟ್ಟುತ್ತೆ.”

“ಒಂದು ಮಾತು ಬಂದು ಹೇಳ್ಬಾರ್ದೇನೋ ಪಾಪಿ! ಬಂದ ಹಡಗಿನವ್ರನ್ನೆಲ್ಲ ಕೇಳ್ದೆ, ಬಾಯ್ಲರ್ ಎಲ್ಲಿ, ಬಾಯ್ಲರ್ ಎಲ್ಲಿ ಅಂತ. ಯಾರಿಗೂ ಗೊತ್ತಿಲ್ಲ. ವರ್ಷ ವರ್ಷ ಆ ಕಣ್ಣು ಒರೆಸಿ ಬರ್ತೀನಿ, ಏನಾಯ್ತೋ ಮಗೂಗೆ ಅಂತ.”

“ನೀನು… ಬರಿಗಾಲಲ್ಲಿ ಹತ್ತಿದ್ಯಾ?” ಸೆವಸ್ತಿ ಕೇಳಿದಳು.

“ಮತ್ತೆ? ಬರಿಗಾಲು ಅಂತ ಇಡೀ ಊರಿಗೆ ಕೇಳೋ ಹಂಗೆ ಕೂಗಿದ್ನಲ್ಲ ಇವನು. ಚಪ್ಪಲಿ ಹಾಕ್ಕೊಂಡು ಹೋದ್ರೆ ಊರವ್ರು ಬಿಡ್ತಾರಾ? ಹದಿನೈದು ದಿನ ಕುಂಟಿದೀನಿ.”

ಸೆವಸ್ತಿ ತಿರುಗಿ ದೋಣಿಗೆ ಹೋದಳು. ಬರುವಾಗ ಕೈಯಲ್ಲಿ ಆಲಿವ್ ಎಣ್ಣೆಯ ಬಾಟಲಿ ಇತ್ತು. ಮುದುಕನನ್ನು ಕುರ್ಚಿಯಲ್ಲಿ ಕೂರಿಸಿ, ಬಾಟಲಿಯನ್ನು ಗಂಡನ ಎದೆಗೆ ಒತ್ತಿದಳು. “ಆವತ್ತು ತಪ್ಪು ಕಾಲಿಗೆ ಹಚ್ಚಿದೆ. ಕೂತ್ಕೋ. ಹಚ್ಚು.”

“ಇಲ್ಲೇನಾ? ಇಷ್ಟು ಜನರ ಎದುರಿಗಾ?”

“ಇಲ್ಲೇ.”

ಕಾಫಿ ಅಂಗಡಿಯ ಎದುರು, ಧಕ್ಕೆಯ ಕಲ್ಲಿನ ಮೇಲೆ ಪಂದೆಲಿಸ್ ಮಂಡಿಯೂರಿದ. ತನ್ನ ಅಂಗಾಲಿನ ಬೊಕ್ಕೆಗಳು ಚುರ್ರೆಂದವು. ಅವು ನಿಜವಾದ ಬೊಕ್ಕೆಗಳು, ಅವನವೇ. ಮುದುಕನ ಪಾದ ತೊಡೆಯ ಮೇಲೆ ಇಟ್ಟುಕೊಂಡ. ಒಣ ಮೀನಿನಂಥ ಪಾದ, ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ಎಣ್ಣೆ ಸುರಿದು ತಿಕ್ಕತೊಡಗಿದ.

“ಅಯ್ಯಯ್ಯೋ, ಮೆಲ್ಲಗೆ ಕಣೋ ಬಾಯ್ಲರ್! ಕಚಗುಳಿ ಆಗುತ್ತೆ! ಹಿಡ್ಕೊಳ್ಳಮ್ಮಾ ಇವನನ್ನ!” ನಿಕಿತಾಸ್ ಹಲ್ಲಿಲ್ಲದ ಬಾಯಿ ತೆರೆದು ಕಿಲಕಿಲ ನಗುತ್ತ ಕುರ್ಚಿಯಲ್ಲಿ ಹೊರಳಾಡಿದ. ಅಂಗಡಿಯವರು ಮೇಜು ಬಡಿದರು. ಸೆವಸ್ತಿ ಸೊಂಟದ ಮೇಲೆ ಕೈಯಿಟ್ಟು, “ಬೆರಳ ಸಂದಿ, ಬೆರಳ ಸಂದಿ ಬಿಟ್ಟೆ,” ಅನ್ನುತ್ತಿದ್ದಳು.

ಆಗ ಮಧ್ಯಾಹ್ನದ ಹಡಗು ಬಂತು. ವೇಗ ತಗ್ಗಿಸು ಎಂಬ ಗಂಟೆ ಯಾವಾಗ ಹೊಡೆಯಿತೆಂದು ಪಂದೆಲಿಸನಿಗೆ ಬೆನ್ನಿನಲ್ಲೇ ತಿಳಿಯಿತು. ಸರಪಳಿ ಗಡಗಡ ಉರುಳಿ, ಒಮ್ಮೆ ತಡೆದು, ಮತ್ತೆ ಉರುಳಿತು. ಹಗ್ಗ ಹಾರಿತು, ಬಾಗಿಲು ಇಳಿಯಿತು, ಮೂಟೆ, ಮಕ್ಕಳು, ಮೋಟಾರು ಬೈಕು ಇಳಿದವು, ಹತ್ತಿದವು, ಬಾಗಿಲು ಮುಚ್ಚಿತು. ಏಳು ನಿಮಿಷ. ಹಡಗು ಹೊರಟೇ ಹೋಯಿತು. ಪಂದೆಲಿಸ್ “ಸುಮ್ಮನೆ ಕೂತ್ಕೋ ಮುದಿಯಾ!” ಎಂದು ಬಂದರಿಗೆಲ್ಲ ಕೇಳುವ ಹಾಗೆ ಕೂಗಿ, ಎರಡನೆಯ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ.